ಅಂಗಡಿ ಕಂಪ್ಯೂಟರಿಗೆ ಜೆಂಟೂವೋ ಡೆಬಿಯನ್ನೋ? ಕಂಪೈಲ್ ಮಾಡಿದರೆ ನಿಜವಾಗಿ ಸ್ಪೀಡ್ ಬರುತ್ತದಾ?

ಕುಂಬ್ಳೆ_ಡಿಟಿಪಿ:

ಎಲ್ಲರಿಗೂ ನಮಸ್ಕಾರ. ಕಾಸರಗೋಡು ಜಿಲ್ಲೆಯ ಕುಂಬಳೆ ಪೇಟೆಯಲ್ಲಿ ನನ್ನದೊಂದು ಸಣ್ಣ ಡಿಟಿಪಿ ಅಂಗಡಿ ಉಂಟು. ಮದುವೆ ಕಾಗದ, ಗೃಹಪ್ರವೇಶದ ಕಾಗದ, ಯಕ್ಷಗಾನದ ಹ್ಯಾಂಡ್‌ಬಿಲ್ಲು, ಕೋಲದ ನೋಟೀಸು, ಪಂಚಾಯತಿಗೆ ಕೊಡುವ ಅರ್ಜಿ, ಇಂಥದ್ದೇ ಕೆಲಸ. ಅರ್ಧ ಕನ್ನಡದಲ್ಲಿ, ಅರ್ಧ ಮಲಯಾಳದಲ್ಲಿ. ಕಂಪ್ಯೂಟರ್ ಹಳೆಯದು. ಐ5 4ನೇ ಜನರೇಶನ್, 8 ಜಿಬಿ ರ‍್ಯಾಮ್, ಒಳಗೆ ಮಾಮೂಲಿ ಹಾರ್ಡ್ ಡಿಸ್ಕ್. ವಿಂಡೋಸ್ 10ರ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. 11 ಹಾಕೋಣ ಅಂದರೆ 8ನೇ ಜನರೇಶನ್ ಆದರೂ ಇರಬೇಕಂತೆ. ಈ ಡಬ್ಬವನ್ನು ಬಿಸಾಡಿ ಹೊಸದು ತೆಗೆದುಕೊಳ್ಳುವಷ್ಟು ವ್ಯಾಪಾರ ಇಲ್ಲಿ ಇಲ್ಲ, ಹಾಗಾಗಿ ಲಿನಕ್ಸ್‌ಗೆ ಹೋಗುವುದು ಅಂತ ತೀರ್ಮಾನ ಆಗಿದೆ.

ಮಂಗಳೂರಿನಲ್ಲಿರುವ ಗೆಳೆಯನೊಬ್ಬ ಜೆಂಟೂ ಹಾಕು, ಜೆಂಟೂ ಹಾಕು ಅಂತ ಒಂದೇ ಸಮ ಹೇಳುತ್ತಿದ್ದಾನೆ. ಅದೊಂದು ಬಗೆಯ ಲಿನಕ್ಸ್, ಪ್ರೋಗ್ರಾಮಿನ ಸೋರ್ಸನ್ನು, ಅಂದರೆ ಬರೆದ ಮೂಲ ಕೋಡನ್ನು, ನಮ್ಮ ಯಂತ್ರದಲ್ಲೇ ಕಂಪೈಲ್ ಮಾಡಿ (ಓಡುವ ರೂಪಕ್ಕೆ ಕಟ್ಟಿ) ಹಾಕಿಕೊಳ್ಳುವಂಥದ್ದು. ಎಲ್ಲವನ್ನೂ ನಮ್ಮದೇ ಪ್ರೊಸೆಸರಿಗೆ ಸರಿಯಾಗಿ ಕಂಪೈಲ್ ಮಾಡಿಕೊಂಡರೆ ಹಳೇ ಯಂತ್ರವೂ ಹಾರುತ್ತದೆ, ಮೊದಲೇ ಕಟ್ಟಿಟ್ಟದ್ದನ್ನು ಇಳಿಸಿಕೊಳ್ಳುವ ಡೆಬಿಯನ್, ಉಬುಂಟು ಎಲ್ಲ ರೆಡಿಮೇಡ್ ಅಂಗಿ ಇದ್ದ ಹಾಗೆ, ಜೆಂಟೂ ಅಂದರೆ ಟೈಲರ್ ಹತ್ತಿರ ಅಳತೆ ಕೊಟ್ಟು ಹೊಲಿಸಿದ ಹಾಗೆ ಅಂತ ಅವನ ವಾದ. ಕೇಳಲಿಕ್ಕೆ ಚಂದ ಉಂಟು. ಆದರೆ ನನಗೆ ಟರ್ಮಿನಲ್ ಅಂದರೆ ಸ್ವಲ್ಪ ಸ್ವಲ್ಪ ಗೊತ್ತು ಅಷ್ಟೇ, ಮತ್ತೆ ನಮ್ಮ ಕಡೆ ಮಳೆಗಾಲದಲ್ಲಿ ಕರೆಂಟಿನ ಕಥೆ ನಿಮಗೆ ಗೊತ್ತೇ ಇದೆ. ಇನ್ವರ್ಟರ್ ಒಂದು ಗಂಟೆ ಎಳೆಯುತ್ತದೆ.

ಕಂಪೈಲ್ ಮಾಡಿದರೆ ನಿಜವಾಗಿ ಎಷ್ಟು ವ್ಯತ್ಯಾಸ ಆಗುತ್ತದೆ? ಬಳಸಿದವರು ಹೇಳಿ. ಸುಮ್ನೆ ಓದಿದ್ದನ್ನು ಹೇಳುವುದು ಬೇಡ, ಅದನ್ನು ನಾನೂ ಓದಿದ್ದೇನೆ.

ಪೆರ್ಲ_ಪೆಂಗ್ವಿನ್:

ಆರು ವರ್ಷದಿಂದ ಜೆಂಟೂ ಬಳಸುವವ ನಾನು. ಹಾಗಾಗಿ ಧೈರ್ಯದಲ್ಲಿ ಹೇಳುತ್ತೇನೆ, ಅಂಗಡಿಗೆ ಬೇಡ ಮಾರಾಯ್ರೇ.

ನಿಮ್ಮ ಗೆಳೆಯ ಹೇಳಿದ್ದು ಪೂರ್ತಿ ಸುಳ್ಳಲ್ಲ. ಡೆಬಿಯನ್‌ನ 64 ಬಿಟ್ ಪ್ಯಾಕೇಜುಗಳನ್ನು 2003ರಲ್ಲಿ ಬಂದ ಮೊದಲ 64 ಬಿಟ್ ಎಎಂಡಿ ಪ್ರೊಸೆಸರಿನಲ್ಲೂ ಓಡಬೇಕು ಅನ್ನುವ ಲೆಕ್ಕದಲ್ಲಿ ಕಟ್ಟುತ್ತಾರೆ. ನಿಮ್ಮದು 4ನೇ ಜನರೇಶನ್, ಅಂದರೆ 2013ರ ಹ್ಯಾಸ್‌ವೆಲ್. ಅದರಲ್ಲಿ ಎವಿಎಕ್ಸ್2 ಅಂತ ಹೊಸ ಸೂಚನೆಗಳು ಉಂಟು, ಡೆಬಿಯನ್‌ನ ಸಾಮಾನ್ಯ ಪ್ಯಾಕೇಜು ಅದನ್ನು ಮುಟ್ಟುವುದಿಲ್ಲ. ಜೆಂಟೂದಲ್ಲಿ ಮೇಕ್ ಡಾಟ್ ಕಾನ್ಫ್ ಫೈಲಿನಲ್ಲಿ ಒಂದು ಸಾಲು ಬರೆದರೆ ಕಂಪೈಲರ್ ಅದನ್ನೂ ಬಳಸಿಕೊಳ್ಳುತ್ತದೆ. ಇಷ್ಟು ನಿಜ.

ಆದರೆ ಎವಿಎಕ್ಸ್2ರಿಂದ ನಿಜವಾಗಿ ಲಾಭ ಆಗುವ ಪ್ರೋಗ್ರಾಮುಗಳು ಯಾವುವು? ವಿಡಿಯೋ ಬಿಡಿಸುವ ಎಫ್‌ಎಫ್‌ಎಂಪೆಗ್, ಗುಪ್ತಲಿಪಿಯ ಓಪನ್‌ಎಸ್‌ಎಸ್‌ಎಲ್, ಇಂಥವು. ಅವುಗಳನ್ನು ಬರೆದವರು ಪೆದ್ದರಲ್ಲ. ಪ್ರೋಗ್ರಾಮ್ ಶುರುವಾದ ಕೂಡಲೇ ಇದು ಯಾವ ಪ್ರೊಸೆಸರ್ ಅಂತ ನೋಡಿ ಅದಕ್ಕೆ ತಕ್ಕ ಕೋಡನ್ನು ಆರಿಸಿಕೊಳ್ಳುವ ಹಾಗೆ ಮಾಡಿಟ್ಟಿದ್ದಾರೆ. ಅಂದರೆ ರೆಡಿಮೇಡ್ ಅಂಗಿಯಲ್ಲೇ ಎರಡು ಮೂರು ಸೈಜು ಒಳಗೆ ಮಡಚಿ ಇಟ್ಟಿರುತ್ತಾರೆ! ಉಳಿದದ್ದು ಎಂತ? ಲಿಬ್ರೆಆಫೀಸ್ ತೆರೆಯುವುದು, ಇಂಕ್‌ಸ್ಕೇಪ್ ತೆರೆಯುವುದು, ಬ್ರೌಸರಿನಲ್ಲಿ ನಾಲ್ಕು ಟ್ಯಾಬು. ಅಲ್ಲೆಲ್ಲ ಪ್ರೊಸೆಸರ್ ಕಾಯುವುದು ನಿಮ್ಮ ಹಾರ್ಡ್ ಡಿಸ್ಕನ್ನು. ಒಂದು ಎಸ್‌ಎಸ್‌ಡಿ ಹಾಕಿ, ಆಮೇಲೆ ಹೇಳಿ. ನಾನು ಎರಡು ವರ್ಷ ಕಂಪೈಲರ್ ಸೆಟ್ಟಿಂಗ್ ತಿರುಗಿಸಿ ತಿರುಗಿಸಿ ಗಳಿಸಿದ್ದಕ್ಕಿಂತ ಜಾಸ್ತಿ ಸ್ಪೀಡ್ ಅರ್ಧ ಗಂಟೆಯಲ್ಲಿ ಸ್ಕ್ರೂಡ್ರೈವರಿನಿಂದ ಬಂತು. ನಗಬೇಡಿ.

ಮತ್ತೆ ನಾನು ಯಾಕೆ ಅಲ್ಲೇ ಇದ್ದೇನೆ ಅಂದರೆ ಅದು ಬೇರೆ ಕಾರಣ. ಜೆಂಟೂದಲ್ಲಿ ಯೂಸ್ ಫ್ಲ್ಯಾಗ್ ಅಂತ ಉಂಟು. ಯಾವ ಪ್ರೋಗ್ರಾಮಿಗೆ ಯಾವ ಸೌಲಭ್ಯ ಬೇಕು, ಯಾವುದು ಬೇಡ ಅಂತ ಕಟ್ಟುವ ಮೊದಲೇ ಹೇಳಬಹುದು. ಇನ್ನೊಂದು, ಒಂದು ಪ್ರೋಗ್ರಾಮಿನಲ್ಲಿ ಸಣ್ಣ ತಪ್ಪು ಉಂಟು, ತಿದ್ದುಪಡಿ ನನ್ನ ಹತ್ತಿರ ಉಂಟು ಅಂತಿಟ್ಟುಕೊಳ್ಳಿ, ಆ ಪ್ಯಾಚ್ ಫೈಲನ್ನು ಜೆಂಟೂದ ಪ್ಯಾಕೇಜು ನೋಡಿಕೊಳ್ಳುವ ಪೋರ್ಟೇಜಿನ ಪ್ಯಾಚಸ್ ಫೋಲ್ಡರಿನಲ್ಲಿ ಹಾಕಿದರೆ ಸಾಕು, ಮುಂದೆ ಪ್ರತೀ ಸಲ ಅಪ್‌ಡೇಟ್ ಆಗುವಾಗ ತಾನಾಗಿ ಅದು ಸೇರಿಕೊಳ್ಳುತ್ತದೆ. ಈ ಸುಖ ಬೇರೆ ಕಡೆ ಇಷ್ಟು ಸುಲಭದಲ್ಲಿ ಸಿಗುವುದಿಲ್ಲ. ಆದರೆ ನಿಮಗೆ ಅದು ಬೇಕಾ? ಮದುವೆ ಕಾಗದಕ್ಕೆ?

ಯೂಸ್ ಫ್ಲ್ಯಾಗಿನ ಇನ್ನೊಂದು ಮುಖ ಕೇಳಿ. ನಾನು ಶುರುವಿನಲ್ಲಿ ಭಾರೀ ಬುದ್ಧಿವಂತ ಅಂದುಕೊಂಡು, ಮನೆಯಲ್ಲಿ ಪ್ರಿಂಟರ್ ಇಲ್ಲವಲ್ಲ ಅಂತ ಪ್ರಿಂಟಿಂಗಿನ ಫ್ಲ್ಯಾಗ್ ಆದ ಕಪ್ಸ್ ಅನ್ನು ಎಲ್ಲದಕ್ಕೂ ತೆಗೆದುಬಿಟ್ಟಿದ್ದೆ. ಒಂದು ವರ್ಷ ಗಮ್ಮತ್ತು. ಆಮೇಲೆ ತಂಗಿಗೆ ಕಾಲೇಜಿನ ಪ್ರಾಜೆಕ್ಟಿಗೆ ಅಂತ ಪ್ರಿಂಟರ್ ಬಂತು. ನಾಳೆ ಬೆಳಿಗ್ಗೆ ಅವಳು 60 ಪುಟ ಕೊಡಬೇಕು. ಫ್ಲ್ಯಾಗ್ ವಾಪಸ್ ಹಾಕಿದರೆ ಕಿಟಕಿ, ಬಟನು ತೋರಿಸುವ ಲೈಬ್ರರಿ ಜಿಟಿಕೆ ಮತ್ತೆ ಕಟ್ಟಬೇಕು, ಅಂಥದ್ದೇ ಕ್ಯೂಟಿ ಮತ್ತೆ ಕಟ್ಟಬೇಕು, ಲಿಬ್ರೆಆಫೀಸ್ ಮತ್ತೆ ಕಟ್ಟಬೇಕು. ಎರಡು ಕೋರಿನ ಲ್ಯಾಪ್‌ಟಾಪ್. ರಾತ್ರಿ ಎಂಟಕ್ಕೆ ಶುರು ಮಾಡಿದ್ದು ಬೆಳಿಗ್ಗೆ ಕೋಳಿ ಕೂಗುವಾಗಲೂ ಲಿಬ್ರೆಆಫೀಸ್ ಕಟ್ಟುತ್ತಲೇ ಇತ್ತು. ಅವಳು ಪೆನ್‌ಡ್ರೈವ್ ಹಿಡಿದುಕೊಂಡು ಬದಿಯಡ್ಕಕ್ಕೆ ಹೋಗಿ ಅಲ್ಲಿ ಪ್ರಿಂಟ್ ತೆಗೆಸಿಕೊಂಡು ಬಂದಳು, ಹೋಗುವಾಗ ನನಗೆ ಬೈದದ್ದನ್ನು ಇಲ್ಲಿ ಬರೆಯಲಿಕ್ಕೆ ಆಗುವುದಿಲ್ಲ. ನಿಮ್ಮ ಅಂಗಡಿಗೆ ಗಿರಾಕಿ ಬಂದು ನಿಂತಿರುವಾಗ ಹೀಗಾದರೆ ಅವರು ಪಕ್ಕದ ಅಂಗಡಿಗೆ ಹೋಗುತ್ತಾರೆ, ಅಷ್ಟೇ.

ಕರೆಂಟಿನ ವಿಷಯ. ಕಂಪೈಲ್ ಅರ್ಧದಲ್ಲಿರುವಾಗ ಹೋದರೆ ಸಿಸ್ಟಮ್ ಹಾಳಾಗುವುದಿಲ್ಲ. ಪ್ಯಾಕೇಜು ಕಟ್ಟುವ ಆಜ್ಞೆಯಾದ ಇಮರ್ಜ್‌ಗೆ ರೆಸ್ಯೂಮ್ ಅಂದರೆ ಪಟ್ಟಿಯಲ್ಲಿ ಉಳಿದದ್ದನ್ನು ಮುಂದುವರಿಸುತ್ತದೆ. ಆದರೆ ಆಗ ಕಟ್ಟುತ್ತಿದ್ದ ಪ್ಯಾಕೇಜು ಮೊದಲಿನಿಂದ. ಆಟಿ ತಿಂಗಳಲ್ಲಿ ನಾನು ಕ್ರೋಮಿಯಂ ಅನ್ನು ಮೂರು ಸಲ ಮೊದಲಿನಿಂದ ಕಟ್ಟಿದ್ದೇನೆ. ಒಂದು ಸಲ ಕಟ್ಟಲಿಕ್ಕೇ ಒಂದು ದಿವಸ ದಾಟುತ್ತದೆ.

ಅಡಿಕೆ_ತೋಟ:

ಲಿನಕ್ಸ್ ಮಿಂಟ್ ಹಾಕಿ ಮಲಗಿ.

ಲ್ಯಾಬ್_ಮಾಷ್ಟ್ರು:

ಪೆರ್ಲದವರು ಹೇಳಿದ್ದರಲ್ಲಿ ಒಂದು ಸೇರಿಸುತ್ತೇನೆ. ನಾನು ಕನ್ನಡ ಮಾಧ್ಯಮ ಶಾಲೆಯಲ್ಲಿ ಐಟಿ ಲ್ಯಾಬ್ ನೋಡಿಕೊಳ್ಳುವವ. ಕೇರಳದ ಶಾಲೆಗಳಲ್ಲಿ ಮಕ್ಕಳು ಕಲಿಯುವುದು ಕೈಟ್‌ನವರ (ಶಾಲೆಗಳ ಐಟಿ ನೋಡಿಕೊಳ್ಳುವ ಕೇರಳ ಸರಕಾರದ ಸಂಸ್ಥೆ) ಗ್ನು/ಲಿನಕ್ಸ್‌ನಲ್ಲಿ, ಅದು ಉಬುಂಟು ಆಧಾರಿತ. ಅಂದರೆ ನಾಳೆ ನಿಮ್ಮ ಅಂಗಡಿಗೆ ಟೈಪಿಂಗಿಗೆ ಅಂತ ಪ್ಲಸ್ ಟು ಮುಗಿಸಿದ ಹುಡುಗಿಯೋ ಹುಡುಗನೋ ಬಂದರೆ ಅವರಿಗೆ ಲಿಬ್ರೆಆಫೀಸ್, ಇಂಕ್‌ಸ್ಕೇಪ್, ಜಿಂಪ್ ಎಲ್ಲ ಶಾಲೆಯಲ್ಲೇ ಮುಟ್ಟಿ ಗೊತ್ತಿರುತ್ತದೆ. ಅದೇ ಮನೆಯ ಸಿಸ್ಟಮ್ ಇಟ್ಟರೆ ನಿಮಗೆ ಕಲಿಸುವ ಕೆಲಸ ಉಳಿಯಿತು. ಗಡಿಯ ಆಚೆಯವರಿಗೆ ಈ ಅನುಕೂಲ ಇಲ್ಲ ನೋಡಿ, ನಮಗೆ ಸಿಕ್ಕಿದ ಕೆಲವೇ ಲಾಭಗಳಲ್ಲಿ ಇದೊಂದು!

ಬೈನರಿಯ, ಅಂದರೆ ಮೊದಲೇ ಕಟ್ಟಿ ಕೊಟ್ಟ ಪ್ಯಾಕೇಜಿನ, ದೊಡ್ಡ ಗುಣ ಸ್ಪೀಡ್ ಅಲ್ಲ, ನನ್ನ ಯಂತ್ರದಲ್ಲಿರುವುದೂ ನಿಮ್ಮ ಯಂತ್ರದಲ್ಲಿರುವುದೂ ಒಂದೇ ಫೈಲು ಅನ್ನುವುದು. ಲ್ಯಾಬಿನಲ್ಲಿ ಒಂದು ಯಂತ್ರದಲ್ಲಿ ಬಂದ ತೊಂದರೆ ಎಲ್ಲದರಲ್ಲೂ ಬರುತ್ತದೆ. ಒಂದಕ್ಕೆ ಮದ್ದು ಸಿಕ್ಕಿದರೆ ಎಲ್ಲದಕ್ಕೂ ಸಿಕ್ಕಿತು. ಜೆಂಟೂದಲ್ಲಿ ನಿಮ್ಮ ಫ್ಲ್ಯಾಗ್ ಬೇರೆ, ನನ್ನ ಫ್ಲ್ಯಾಗ್ ಬೇರೆ. ನಿಮ್ಮಲ್ಲಿ ಒಡೆದದ್ದು ನಿಮ್ಮಲ್ಲಿ ಮಾತ್ರ ಒಡೆದಿರಬಹುದು, ಆಗ ಕೇಳುವುದು ಯಾರ ಹತ್ತಿರ? ಡೆಬಿಯನ್ 13 ಬಂದದ್ದು 2025ರ ಆಗಸ್ಟ್‌ನಲ್ಲಿ. ಮೂರು ವರ್ಷ ಪೂರ್ತಿ ಬೆಂಬಲ, ಆಮೇಲೆ ಎರಡು ವರ್ಷ ದೀರ್ಘಾವಧಿಯದ್ದು, ಒಟ್ಟು ಐದು. ಅಷ್ಟರಲ್ಲಿ ಯಂತ್ರವೇ ತೀರಿಕೊಂಡಿರುತ್ತದೆ.

ಡಿಟಿಪಿಗೆ ಬೇಕಾದದ್ದು: ಸ್ಕ್ರೈಬಸ್ ಅನ್ನುವ ಪುಟವಿನ್ಯಾಸದ ಪ್ರೋಗ್ರಾಮ್. ಹಳೇ 1.4ರಲ್ಲಿ ಕನ್ನಡದ ಒತ್ತಕ್ಷರ ಎಲ್ಲ ಬಿಡಿ ಬಿಡಿಯಾಗಿ ಬೀಳುತ್ತಿತ್ತು, ಅದನ್ನು ನೋಡಿ ಎಷ್ಟೋ ಜನ ಬಿಟ್ಟರು. 2024ರ ಜನವರಿಯಲ್ಲಿ ಬಂದ 1.6ರಲ್ಲಿ ಸರಿಯಾಗಿ ಕೂಡುತ್ತದೆ. ಕನ್ನಡಕ್ಕೆ ಗುಬ್ಬಿ, ನವಿಲು ಫಾಂಟು, ಮಲಯಾಳಕ್ಕೆ ಮಂಜರಿ, ಮೀರ, ಎಲ್ಲ ಡೆಬಿಯನ್ ಭಂಡಾರದಲ್ಲೇ ಉಂಟು. ಕೀಬೋರ್ಡಿಗೆ ಕಗಪ ವಿನ್ಯಾಸವೂ ಉಂಟು, ಬೇರೆ ಸಾಫ್ಟ್‌ವೇರ್ ಹುಡುಕಬೇಡಿ. ಆದರೆ ನುಡಿ ಸಾಫ್ಟ್‌ವೇರಿನ ಹಳೇ ಆಸ್ಕಿ ಫಾಂಟಿನಲ್ಲಿ ಹೊಡೆದ ಫೈಲುಗಳನ್ನು ಯೂನಿಕೋಡಿಗೆ ತಿರುಗಿಸಿಕೊಳ್ಳಬೇಕು. ಅದು ಜೆಂಟೂ ಹಾಕಿದರೂ ತಪ್ಪಿದ್ದಲ್ಲ.

ಸೋರ್ಸ್_ಭಕ್ತ:

ಎಲ್ಲರೂ ಸ್ಪೀಡ್ ಸ್ಪೀಡ್ ಅಂತಿದ್ದೀರಿ, ಸುರಕ್ಷತೆ ಯಾರೂ ಹೇಳಲಿಲ್ಲ. ಬೇರೆ ಯಾರೋ ಕಟ್ಟಿ ಕೊಟ್ಟ ಬೈನರಿಯೊಳಗೆ ಎಂತ ಉಂಟು ಅಂತ ನಿಮಗೆ ಹೇಗೆ ಗೊತ್ತು? ಸೋರ್ಸಿನಿಂದ ನಾವೇ ಕಟ್ಟಿದರೆ ಆ ಭಯ ಇಲ್ಲ. ಫೈಲು ಕುಗ್ಗಿಸುವ ಎಕ್ಸ್‌ಜೆಡ್‌ನೊಳಗೆ ಕಳ್ಳದಾರಿ ಅಡಗಿಸಿಟ್ಟಿದ್ದ ಕಥೆ ಮರೆತುಹೋಯಿತಾ?

ಪೆರ್ಲ_ಪೆಂಗ್ವಿನ್:

ಮರೆಯಲಿಲ್ಲ, ಅದಕ್ಕೇ ಹೇಳುವುದು. ಎಕ್ಸ್‌ಜೆಡ್ ಕಥೆ ನಿಮ್ಮ ವಾದಕ್ಕೆ ಉಲ್ಟಾ ಹೊಡೆಯುತ್ತದೆ.

2024ರ ಮಾರ್ಚ್ 29ಕ್ಕೆ ಆಂಡ್ರೆಸ್ ಫ್ರಾಯಿಂಡ್ ಅನ್ನುವ ಎಂಜಿನಿಯರ್ ಅದನ್ನು ಹೊರಗೆ ಹಾಕಿದರು. ದೂರದ ಯಂತ್ರಕ್ಕೆ ಹೋಗುವ ಎಸ್‌ಎಸ್‌ಎಚ್ ಲಾಗಿನ್ ಅರ್ಧ ಸೆಕೆಂಡ್ ನಿಧಾನ ಆಗುತ್ತಿದೆಯಲ್ಲ ಯಾಕೆ ಅಂತ ಬೆನ್ನು ಹತ್ತಿ ಹೋಗಿ ಸಿಕ್ಕಿದ್ದು ಅದು. ಅರ್ಧ ಸೆಕೆಂಡ್! ನಮ್ಮಲ್ಲಾದರೆ ನೆಟ್ ಸರಿ ಇಲ್ಲ ಅಂತ ಬಿಟ್ಟುಬಿಡುತ್ತಿದ್ದೆವು. ಈಗ ನೋಡಿ, ವಿಷ ಇದ್ದದ್ದು 5.6.0 ಮತ್ತು 5.6.1ರ ಸೋರ್ಸ್ ಟಾರ್‌ಬಾಲ್‌ನಲ್ಲೇ, ಅಂದರೆ ಸೋರ್ಸ್ ಫೈಲುಗಳ ಗಂಟಿನಲ್ಲೇ. ಮುಖ್ಯ ತುಣುಕನ್ನು ಪರೀಕ್ಷೆಯ ಫೈಲುಗಳ ಒಳಗೆ ಅಡಗಿಸಿಟ್ಟಿದ್ದರು, ಅದನ್ನು ಎಬ್ಬಿಸುವ ಬಿಲ್ಡ್ ಸ್ಕ್ರಿಪ್ಟ್ ಎಲ್ಲರಿಗೂ ಕಾಣುವ ಗಿಟ್ ಭಂಡಾರದಲ್ಲಿ ಇರಲಿಲ್ಲ, ಬಿಡುಗಡೆಯ ಟಾರ್‌ಬಾಲ್‌ನಲ್ಲಿ ಮಾತ್ರ ಇತ್ತು. ಜೆಂಟೂದವರು ಇಳಿಸಿಕೊಳ್ಳುವುದೂ ಅದೇ ಟಾರ್‌ಬಾಲ್. ಡೆಬಿಯನ್ ಇಲ್ಲವೇ ಆರ್‌ಪಿಎಂ ಪ್ಯಾಕೇಜು ಕಟ್ಟುತ್ತಿದ್ದಾರಾ ಅಂತ ಅದು ನೋಡುತ್ತಿತ್ತು, ಹಾಗಾಗಿ ನಮ್ಮಲ್ಲಿ ಎಚ್ಚರ ಆಗಲಿಲ್ಲ. ಅದು ನಾವು ಕಂಪೈಲ್ ಮಾಡಿದ ಪುಣ್ಯ ಅಲ್ಲ, ಆ ವಿಷ ಇಟ್ಟವನು ನಮ್ಮನ್ನು ಲೆಕ್ಕಕ್ಕೆ ಇಟ್ಟಿರಲಿಲ್ಲ ಅಷ್ಟೇ. ಮತ್ತೆ ಡೆಬಿಯನ್ ಸ್ಟೇಬಲ್‌ಗೆ ಅದು ಬರಲೇ ಇಲ್ಲ, ಹೊಸತು ಹೊಸತು ಬೇಕು ಅನ್ನುವವರ ಟೆಸ್ಟಿಂಗ್, ಅನ್‌ಸ್ಟೇಬಲ್‌ಗೆ ಬಂದಿತ್ತು.

ನಾನು ಕಂಪೈಲ್ ಮಾಡುತ್ತೇನೆ, ಓದುವುದಿಲ್ಲ. ನೀವು ಓದುತ್ತೀರಾ? ಲಿಬ್ರೆಆಫೀಸಿನ ಸೋರ್ಸ್ ಒಮ್ಮೆ ಬಿಚ್ಚಿ ನೋಡಿದ್ದೀರಾ? ಹೋಗಲಿ, ಓದಿದಿರಿ ಅಂತಲೇ ಇಟ್ಟುಕೊಳ್ಳೋಣ, ಕಂಪೈಲರನ್ನು ನಂಬುವುದು ಹೇಗೆ ಅಂತ ಯುನಿಕ್ಸ್ ಕಟ್ಟಿದವರಲ್ಲಿ ಒಬ್ಬರಾದ ಕೆನ್ ಥಾಂಪ್ಸನ್ 1984ರಲ್ಲೇ ಕೇಳಿ ಇಟ್ಟಿದ್ದಾರೆ.

ಸೋರ್ಸ್_ಭಕ್ತ:

ಸರಿ, ಟಾರ್‌ಬಾಲ್ ವಿಷಯ ಗೊತ್ತಿರಲಿಲ್ಲ. ಆದರೂ ಕಣ್ಣು ಮುಚ್ಚಿ ಬೈನರಿ ನುಂಗುವುದಕ್ಕಿಂತ ಇದು ಮೇಲು ಅಂತಲೇ ನನ್ನ ಅಭಿಪ್ರಾಯ.

ಉಪ್ಪಳ_ಟು_ಬೆಂಗಳೂರು:

ಜಗಳದ ಮಧ್ಯೆ ಒಂದು ಮಾತು. ಈ ಸೋರ್ಸ್, ಬೈನರಿ ಅನ್ನುವ ಗೋಡೆ ಈಗ ಅಷ್ಟು ಗಟ್ಟಿ ಇಲ್ಲ. ಜೆಂಟೂದವರೇ 2023ರ ಡಿಸೆಂಬರ್ ಕೊನೆಗೆ ಕಟ್ಟಿದ ಪ್ಯಾಕೇಜುಗಳ ದೊಡ್ಡ ಭಂಡಾರ ತೆರೆದರು. ನಿಮ್ಮ ಫ್ಲ್ಯಾಗ್ ಅವರ ಫ್ಲ್ಯಾಗಿಗೆ ಹೊಂದಿದರೆ ಸೀದಾ ಇಳಿಯುತ್ತದೆ, ಹೊಂದದಿದ್ದರೆ ಅದೊಂದನ್ನು ಮಾತ್ರ ನಿಮ್ಮಲ್ಲಿ ಕಟ್ಟುತ್ತದೆ. ಎಕ್ಸ್86-64-ವಿ3 ಅಂತ ಎವಿಎಕ್ಸ್2 ಇರುವ ಯಂತ್ರಗಳಿಗೇ ಬೇರೆ ಭಂಡಾರ, ಕುಂಬಳೆಯ ಅಣ್ಣನ ಹ್ಯಾಸ್‌ವೆಲ್‌ಗೂ ಅದು ನಡೆಯುತ್ತದೆ. ಫೈರ್‌ಫಾಕ್ಸ್, ಲಿಬ್ರೆಆಫೀಸಿಗೆ ಕಟ್ಟಿದ್ದು ಅದಕ್ಕೂ ಮೊದಲೇ ಇತ್ತು, ಪೆರ್ಲದವರು ಆ ರಾತ್ರಿ ಅದನ್ನು ಯಾಕೆ ಹಾಕಿಕೊಳ್ಳಲಿಲ್ಲ ಅಂತ ಆಶ್ಚರ್ಯ! ನಿಕ್ಸ್, ಗೀಕ್ಸ್ ಅನ್ನುವ ಬೇರೆ ಲಿನಕ್ಸ್‌ಗಳದ್ದೂ ಇದೇ ಕಥೆ, ಬರೆದಿರುವುದು ಸೋರ್ಸಿನ ಪಾಕವಿಧಾನ, ಸಿಗುವುದು ಹೆಚ್ಚಾಗಿ ರೆಡಿ ಅಡುಗೆ. ಆ ಕಡೆಯಿಂದ ನೋಡಿದರೆ ಆರ್ಚ್ ಬೈನರಿ, ಆದರೆ ಅದರ ಎಯುಆರ್ (ಬಳಕೆದಾರರೇ ಬರೆದ ಪಾಕವಿಧಾನಗಳ ಭಂಡಾರ) ಬಳಸುವವರು ದಿನಾ ಕಂಪೈಲ್ ಮಾಡುತ್ತಾರೆ. ಡೆಬಿಯನ್‌ನಲ್ಲೂ ಸೋರ್ಸ್ ಸಾಲನ್ನು ಸೇರಿಸಿದರೆ ಯಾವುದೇ ಒಂದು ಪ್ಯಾಕೇಜಿನ ಸೋರ್ಸ್ ತರಿಸಿ, ಅದು ಕಟ್ಟಲಿಕ್ಕೆ ಬೇಕಾದ ಸಾಮಾನನ್ನೂ ಒಂದೇ ಆಜ್ಞೆಯಲ್ಲಿ ತರಿಸಿ, ನಿಮ್ಮಲ್ಲೇ ಕಟ್ಟಿಕೊಳ್ಳಬಹುದು.

ಹಾಗಾಗಿ ಪ್ರಶ್ನೆ ಯಾವ ಡಿಸ್ಟ್ರೋ (ಲಿನಕ್ಸ್‌ನ ಬಗೆ) ಅಂತ ಅಲ್ಲ, ಏನೂ ಹೇಳದಿದ್ದರೆ ಅದು ಎಂತ ಮಾಡುತ್ತದೆ ಅಂತ. ಡೆಬಿಯನ್ ಸುಮ್ನೆ ಇಳಿಸುತ್ತದೆ. ಜೆಂಟೂ ನಿಮ್ಮನ್ನು ಕೇಳುತ್ತದೆ. ಗಿರಾಕಿ ಎದುರು ನಿಂತಿರುವಾಗ ಯಾರೂ ಏನೂ ಕೇಳದಿದ್ದರೆ ಒಳ್ಳೆಯದು ಅಲ್ವಾ.

ಪೆರ್ಲ_ಪೆಂಗ್ವಿನ್:

ಆ ರಾತ್ರಿ ಯಾಕೆ ಹಾಕಲಿಲ್ಲ ಅಂದರೆ ಅಹಂಕಾರ, ಬೇರೆ ಏನೂ ಇಲ್ಲ.

ಭಂಡಾರ ಬಂದದ್ದು ಒಳ್ಳೆಯದೇ ಆಯಿತು. ಅದು ಬಂದ ಮೂರು ತಿಂಗಳಿಗೆ, 2024ರ ಮಾರ್ಚ್‌ನಲ್ಲಿ, ಜೆಂಟೂದ ಮೂಲ ಸೆಟ್ಟಿಂಗುಗಳ ಹೊಸ ಕಟ್ಟಾದ 23.0 ಪ್ರೊಫೈಲಿಗೆ ಹೋಗಲಿಕ್ಕೆ ಇಡೀ ಸಿಸ್ಟಮನ್ನೇ ಮತ್ತೆ ಕಟ್ಟಬೇಕಾಯಿತು. ಇಡೀ ಅಂದರೆ ಇಡೀ. ಆವತ್ತು ನಾನು ಮರ್ಯಾದೆ ಬಿಟ್ಟು ಅರ್ಧಕ್ಕರ್ಧ ಇಳಿಸಿಕೊಂಡೆ. ಜೆಂಟೂವನ್ನು ಆರು ತಿಂಗಳು ಮುಟ್ಟದೆ ಇಟ್ಟು ಆಮೇಲೆ ಅಪ್‌ಡೇಟ್ ಮಾಡಲಿಕ್ಕೆ ಕೂತರೂ ಇದೇ ತಲೆಬಿಸಿ, ಇದು ಅದನ್ನು ತಡೆಯುತ್ತದೆ, ಅದು ಇದನ್ನು ತಡೆಯುತ್ತದೆ. ಮನೆಯ ದನ ಇದ್ದ ಹಾಗೆ, ದಿನಾ ನೋಡಿಕೊಳ್ಳಬೇಕು.

ಕುಂಬ್ಳೆ_ಡಿಟಿಪಿ:

ಎಲ್ಲರಿಗೂ ಧನ್ಯವಾದ, ಇಷ್ಟು ಉತ್ತರ ಬರುತ್ತದೆ ಅಂದುಕೊಂಡಿರಲಿಲ್ಲ. ಮನಸ್ಸು ಡೆಬಿಯನ್ ಕಡೆಗೇ ಹೋಗುತ್ತಿದೆ. ಆದರೆ ಗೆಳೆಯ ಈಗ ಹೊಸ ರಾಗ ತೆಗೆದಿದ್ದಾನೆ. ಅವನ ಹತ್ತಿರ ಹೊಸ ರೈಜನ್ 7000 ಸರಣಿಯ ಯಂತ್ರ ಉಂಟು, ಎಲ್ಲ ಅದರಲ್ಲೇ ಕಂಪೈಲ್ ಮಾಡಿ ಡಿಸ್ಕಿಗೆ ತುಂಬಿಸಿ ಕೊಡುತ್ತಾನಂತೆ, ನಾನು ಸುಮ್ನೆ ಹಾಕಿಕೊಂಡರೆ ಸಾಕಂತೆ. ಇದು ಆಗುತ್ತದಾ?

ಉಪ್ಪಳ_ಟು_ಬೆಂಗಳೂರು:

ಆಗುತ್ತದೆ, ಆದರೆ ಅವನು ತನ್ನ ಯಂತ್ರದಲ್ಲಿ ಕಂಪೈಲರ್ ಸೆಟ್ಟಿಂಗನ್ನು ಮಾರ್ಚ್ ನೇಟಿವ್ (-march=native) ಅಂತ ಇಟ್ಟು ಕಟ್ಟಿದರೆ ಕೆಟ್ಟಿತು. ನೇಟಿವ್ ಅಂದರೆ ಈ ಯಂತ್ರಕ್ಕೆ ಅಂತ, ಅಂದರೆ ಅವನದ್ದಕ್ಕೆ. ಆ ರೈಜನ್‌ನಲ್ಲಿ ಎವಿಎಕ್ಸ್-512 ಉಂಟು, ನಿಮ್ಮ ಹ್ಯಾಸ್‌ವೆಲ್‌ನಲ್ಲಿ ಇಲ್ಲ. ನಿಮ್ಮಲ್ಲಿ ಅದು 'ಇಲ್ಲೀಗಲ್ ಇನ್‌ಸ್ಟ್ರಕ್ಷನ್' ಅಂತ ಬಿದ್ದುಬಿಡುತ್ತದೆ, ಕೆಲವೊಮ್ಮೆ ಶುರುವಿನಲ್ಲೇ, ಕೆಲವೊಮ್ಮೆ ಎಲ್ಲ ಸರಿ ಇದ್ದು ಪಿಡಿಎಫ್ ಮಾಡುವಾಗ. ಹ್ಯಾಸ್‌ವೆಲ್ ಅಂತಲೇ ಹೆಸರು ಕೊಟ್ಟು ಕಟ್ಟಲಿಕ್ಕೆ ಹೇಳಿ. ಅಣ್ಣ, ಇನ್ನೊಂದು ಯೋಚಿಸಿ. ಆಮೇಲೆ ಪ್ರತೀ ಸೆಕ್ಯುರಿಟಿ ಅಪ್‌ಡೇಟಿಗೆ ಮಂಗಳೂರಿಗೆ ಫೋನ್ ಮಾಡುತ್ತೀರಾ? ಅವನು ಮದುವೆ ಆಗಿ ದುಬೈಗೆ ಹೋದರೆ?

ಅಡಿಕೆ_ತೋಟ:

ಮಿಂಟ್.

ಕುಂಬ್ಳೆ_ಡಿಟಿಪಿ:

ಹದಿನೈದು ದಿವಸ ಆಯಿತು, ಏನಾಯಿತು ಅಂತ ಹೇಳಿಬಿಡುತ್ತೇನೆ. ಎಸ್‌ಎಸ್‌ಡಿ ಹಾಕಿಸಿ ಡೆಬಿಯನ್ 13 ಹಾಕಿದೆ. ಕಂಪ್ಯೂಟರ್ ಆನ್ ಮಾಡಿ ಚಾ ತರಲಿಕ್ಕೆ ಹೋಗುವ ಅಭ್ಯಾಸ ಇತ್ತು, ಈಗ ಚಾ ಬರುವ ಮೊದಲೇ ಅದು ಎದ್ದು ಕೂತಿರುತ್ತದೆ. ಸ್ಕ್ರೈಬಸ್‌ನಲ್ಲಿ ಒಂದು ಗೃಹಪ್ರವೇಶದ ಕಾಗದ ಮಾಡಿದೆ, ಒಂದು ಬದಿ ಕನ್ನಡ, ಒಂದು ಬದಿ ಮಲಯಾಳ, ಒತ್ತಕ್ಷರ ಎಲ್ಲ ಸರಿ ಕೂತಿದೆ ಮಾಷ್ಟ್ರೇ. ಮೊನ್ನೆ ಅಪ್‌ಡೇಟ್ ನಡೆಯುವಾಗಲೇ ಕರೆಂಟ್ ಹೋಗಿ ಇನ್ವರ್ಟರೂ ಕೈಕೊಟ್ಟಿತು. ಡಿಪಿಕೆಜಿ ಕಾನ್ಫಿಗರ್ ಅಂತ ಒಂದು ಸಾಲು ಹೊಡೆದೆ, ಎರಡು ನಿಮಿಷದಲ್ಲಿ ಸರಿಯಾಯಿತು.

ತಮಾಷೆ ಇರುವುದು ಪ್ರಿಂಟರಿನಲ್ಲಿ. ನನ್ನದು ಹತ್ತು ಹನ್ನೆರಡು ವರ್ಷ ಹಳೆಯ ಲೇಸರ್. ಕಂಪೆನಿಯವರ ಲಿನಕ್ಸ್ ಡ್ರೈವರ್ 32 ಬಿಟ್ ಕಾಲದ್ದು, ಏನು ಮಾಡಿದರೂ ಕಾಗದ ಎಳೆಯಲಿಲ್ಲ. ಹುಡುಕಿದಾಗ ಯಾರೋ ಪುಣ್ಯಾತ್ಮರು ಅದಕ್ಕೆ ಮುಕ್ತ ಡ್ರೈವರ್ ಬರೆದಿಟ್ಟಿದ್ದಾರೆ, ಅದನ್ನು ಸೋರ್ಸಿನಿಂದಲೇ ಕಟ್ಟಬೇಕು! ಬಿಲ್ಡ್ ಎಸೆನ್ಷಿಯಲ್, ಆಟೋಮೇಕ್, ಕಪ್ಸ್‌ನ ಡೆವ್ ಪ್ಯಾಕೇಜು ಹಾಕಿ ಕಾನ್ಫಿಗರ್, ಮೇಕ್, ಮೇಕ್ ಇನ್‌ಸ್ಟಾಲ್. ಐದು ನಿಮಿಷ ಹಿಡಿಯಲಿಲ್ಲ. ಮೊದಲ ಪುಟ ಹೊರಗೆ ಬಂದದ್ದನ್ನು ಫೋಟೋ ತೆಗೆದು ಗೆಳೆಯನಿಗೆ ಕಳಿಸಿದೆ. 'ಮತ್ತೆ ಉಳಿದದ್ದನ್ನು ಯಾವಾಗ ಕಂಪೈಲ್ ಮಾಡುತ್ತೀ' ಅಂತ ಕೇಳಿದ್ದಾನೆ.

ಪೆರ್ಲ_ಪೆಂಗ್ವಿನ್:

ಭೇಷ್! ಆ ಡ್ರೈವರಿನ ಸೋರ್ಸ್ ಫೋಲ್ಡರನ್ನು ಅಳಿಸಬೇಡಿ. ಅದು ಡೆಬಿಯನ್ ಪ್ಯಾಕೇಜು ನೋಡಿಕೊಳ್ಳುವ ಎಪಿಟಿಯ ಲೆಕ್ಕದಲ್ಲಿ ಇಲ್ಲ, ನೀವೇ ಹಾಕಿದ್ದು. ಮುಂದೆ ಡೆಬಿಯನ್ 14ಕ್ಕೆ ಹೋಗುವಾಗ ಮತ್ತೆ ಕಟ್ಟಬೇಕಾಗಬಹುದು. ಮತ್ತೆ ಹಳೇ ಹಾರ್ಡ್ ಡಿಸ್ಕ್ ಎಂತ ಮಾಡಿದಿರಿ?

ಕುಂಬ್ಳೆ_ಡಿಟಿಪಿ:

ಡ್ರಾಯರಿನಲ್ಲಿ ಉಂಟು, ವಿಂಡೋಸ್ ಸಮೇತ. ಹಳೇ ಪೇಜ್‌ಮೇಕರ್ ಫೈಲು ಹಿಡಿದುಕೊಂಡು ಯಾರಾದರೂ ಬಂದರೆ ನೆಟ್ ವಯರ್ ಕಳಚಿ ಅದನ್ನು ಸಿಕ್ಕಿಸುತ್ತೇನೆ. ನಿನ್ನೆ ಒಬ್ಬರು ಬಂದಿದ್ದರು, ಅವರ ಅಪ್ಪನ ಉತ್ತರಕ್ರಿಯೆಗೆ ಹೊಡೆದ ಕಾಗದದಲ್ಲಿ ಹೆಸರು ಮಾತ್ರ ಬದಲಾಯಿಸಿ ಅಮ್ಮನಿಗೆ ಮಾಡಿಕೊಡಬೇಕಂತೆ.